ಹಳೆಯ ಕಾರಿಗೆ ಬೆಲೆ ಕಟ್ಟುವ ಬಗೆ: ಮೂಲರೂಪ, ಸ್ಥಿತಿ, ಓಡಿದ ದೂರ

ಸಾಮಾನ್ಯ ಕಾರು ಶೋರೂಮಿನಿಂದ ಹೊರಬಿದ್ದ ದಿನದಿಂದಲೇ ಬೆಲೆ ಕಳೆದುಕೊಳ್ಳುತ್ತದೆ. ಸಂಗ್ರಾಹಕರು ಹುಡುಕುವ ಕಾರಿನ ಬೆಲೆ ಒಂದು ಹಂತದವರೆಗೆ ಇಳಿದು, ಆಮೇಲೆ ಏರತೊಡಗುತ್ತದೆ. ಯಾವ ಕಾರು ಈ ಸಾಲಿಗೆ ಸೇರುತ್ತದೆ ಎಂಬುದನ್ನು ಮಾದರಿಯ ಹೆಸರು ಮತ್ತು ತಯಾರಾದ ಸಂಖ್ಯೆ ತೀರ್ಮಾನಿಸುತ್ತವೆ. ಆದರೆ ಒಂದೇ ವರ್ಷದ ಒಂದೇ ಮಾದರಿಯ ಎರಡು ಕಾರುಗಳಲ್ಲಿ ಒಂದಕ್ಕೆ ಇನ್ನೊಂದರ ದುಪ್ಪಟ್ಟು ಬೆಲೆ ಬರುವುದುಂಟು. ಇದಕ್ಕೆ ಮುಖ್ಯ ಕಾರಣಗಳು ಮೂರು: ಕಾರು ಕಾರ್ಖಾನೆಯಿಂದ ಬಂದ ರೂಪದಲ್ಲಿ ಎಷ್ಟರ ಮಟ್ಟಿಗೆ ಉಳಿದಿದೆ, ಈಗ ಯಾವ ಸ್ಥಿತಿಯಲ್ಲಿದೆ, ಎಷ್ಟು ದೂರ ಓಡಿದೆ. ಈ ಮೂರಕ್ಕೂ ಸಮಾನ ತೂಕವಿಲ್ಲ. ಸ್ಥಿತಿಯನ್ನು ದುಡ್ಡು ಸುರಿದು ಸುಧಾರಿಸಬಹುದು. ಓಡಿದ ದೂರಕ್ಕೆ ಪುರಾವೆ ಇದ್ದರಷ್ಟೇ ಬೆಲೆ. ಮೂಲರೂಪ ಮಾತ್ರ ಒಮ್ಮೆ ಹೋದರೆ ಹೋಯಿತು, ಯಾವ ಗ್ಯಾರೇಜೂ ಅದನ್ನು ಮರಳಿ ತಂದುಕೊಡಲಾರದು.

ಮೂಲರೂಪ

ಹರಾಜಿನ ಕ್ಯಾಟಲಾಗುಗಳಲ್ಲಿ ಪದೇಪದೇ ಕಾಣುವ ಮಾತು ‘ಮ್ಯಾಚಿಂಗ್ ನಂಬರ್ಸ್’. ಕಾರ್ಖಾನೆ ಕಾರನ್ನು ಹೊರಗೆ ಕಳಿಸುವಾಗ ಚಾಸಿಸ್‌ಗೂ ಎಂಜಿನ್ನಿಗೂ ಯಾವ ಸಂಖ್ಯೆ ಹೊಡೆದಿತ್ತೋ ಅದೇ ಜೋಡಿ ಇಂದಿಗೂ ಒಟ್ಟಿಗಿದೆ ಎಂಬುದು ಇದರ ಅರ್ಥ. ಜಾಗ್ವಾರ್ ಇ-ಟೈಪ್‌ನಂಥ ಕಾರಿನಲ್ಲಿ ಲೆಕ್ಕ ಇನ್ನೂ ಬಿಗಿ. ಅಲ್ಲಿ ಚಾಸಿಸ್, ಎಂಜಿನ್, ಗೇರ್‌ಬಾಕ್ಸ್, ಬಾಡಿ ನಾಲ್ಕಕ್ಕೂ ಪ್ರತ್ಯೇಕ ಸಂಖ್ಯೆಗಳಿವೆ. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕೊಡುವ ಪ್ರಮಾಣಪತ್ರದಲ್ಲಿ ಅವುಗಳನ್ನು ತಾಳೆ ನೋಡಬಹುದು. ಫೆರಾರಿಗೆ ಅದರದೇ ‘ಕ್ಲಾಸಿಕೆ’ ವಿಭಾಗವಿದೆ. ಫೋಕ್ಸ್‌ವ್ಯಾಗನ್ ಬೀಟಲ್‌ಗೆ ವೋಲ್ಫ್ಸ್‌ಬರ್ಗ್‌ನಿಂದ, ಮಾರಿಸ್ ಮತ್ತು ಎಂಜಿ ಕಾರುಗಳಿಗೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಿಂದ ಜನ್ಮದಾಖಲೆ ತರಿಸಿಕೊಳ್ಳಬಹುದು. ಕಾರು ಹುಟ್ಟಿದಾಗಿನ ಬಣ್ಣ, ಕಾರ್ಖಾನೆಯಿಂದ ಹೊರಟ ದಿನ, ಯಾವ ದೇಶಕ್ಕೆ ಹೋಯಿತು ಎಂಬ ವಿವರಗಳು ಇಂಥ ಹಾಳೆಗಳಲ್ಲಿ ಇರುತ್ತವೆ. ಹಾಳೆ ತರಿಸುವ ಖರ್ಚು ಕಾರಿನ ಬೆಲೆಯ ಮುಂದೆ ಏನೇನೂ ಅಲ್ಲ. ಆದರೂ ಕೊಳ್ಳುವವರಲ್ಲಿ ಅನೇಕರು ಅದನ್ನು ತರಿಸುವುದು ಹಣ ಕೊಟ್ಟ ಮೇಲೆಯೇ!

ಸಂಖ್ಯೆ ಹೊಂದಿದ ಮಾತ್ರಕ್ಕೆ ಎಲ್ಲವೂ ಸರಿ ಎನ್ನುವಂತಿಲ್ಲ, ಸಂಖ್ಯೆಯನ್ನೇ ಹೊಸದಾಗಿ ಹೊಡೆಯುವವರಿದ್ದಾರೆ. ಅಮೆರಿಕದ ಷೆವ್ರೊಲೆ ಕಾರ್ವೆಟ್ ಇದಕ್ಕೆ ಪಾಠದಂಥ ಉದಾಹರಣೆ. ಅದರ ಎಂಜಿನ್ ಬ್ಲಾಕಿನ ಮುಂಭಾಗದಲ್ಲಿ, ಸಿಲಿಂಡರ್ ಹೆಡ್ ಕೂರುವ ಅಂಚಿನ ಪಕ್ಕ, ಸಂಖ್ಯೆ ಹೊಡೆಯುವ ಪುಟ್ಟ ಸಮತಟ್ಟು ಜಾಗವಿದೆ. ಕಾರ್ಖಾನೆಯ ಯಂತ್ರ ಆ ಮೇಲ್ಮೈಯನ್ನು ಕೊರೆಯುವಾಗ ಸೂಕ್ಷ್ಮವಾದ ಸಮಾನಾಂತರ ಗೆರೆಗಳನ್ನು ಬಿಟ್ಟಿರುತ್ತದೆ. ಹಳೆಯ ಸಂಖ್ಯೆ ಅಳಿಸಲು ಯಾರಾದರೂ ಅಲ್ಲಿ ಉಜ್ಜಿದ್ದರೆ ಗೆರೆಗಳು ಮಾಯವಾಗಿರುತ್ತವೆ, ಇಲ್ಲವೇ ಬೇರೆ ದಿಕ್ಕಿಗೆ ತಿರುಗಿರುತ್ತವೆ. ಪರಿಣತರು ಟಾರ್ಚ್ ಮತ್ತು ಭೂತಗನ್ನಡಿ ಹಿಡಿದು ಮೊದಲು ನೋಡುವುದು ಆ ಗೆರೆಗಳನ್ನು, ಅಂಕಿಗಳನ್ನು ಆಮೇಲೆ.

ಇನ್ನೊಂದು ಬಗೆಯ ಮೋಸ ಸಾದಾ ಕಾರನ್ನು ದುಬಾರಿ ಕಾರಿನ ವೇಷದಲ್ಲಿ ನಿಲ್ಲಿಸುವುದು. 1964 ಮತ್ತು 1965ರ ಪಾಂಟಿಯಾಕ್ ಜಿಟಿಒ ಸ್ವತಂತ್ರ ಮಾದರಿಯಾಗಿರಲಿಲ್ಲ. ಲೆಮಾನ್ಸ್ ಕಾರಿಗೆ ಹೆಚ್ಚಿನ ಹಣ ಕೊಟ್ಟು ಹಾಕಿಸಿಕೊಳ್ಳುವ ಆಯ್ಕೆಯಷ್ಟೇ ಆಗಿದ್ದರಿಂದ ಚಾಸಿಸ್ ಸಂಖ್ಯೆಯಲ್ಲಿ ಅದರ ಗುರುತೇ ಇಲ್ಲ. 1966ರಿಂದ ಪ್ರತ್ಯೇಕ ಸರಣಿಯಾದ ಮೇಲೆ ಸಂಖ್ಯೆಯ ಮೊದಲ ಮೂರು ಅಂಕಿಗಳೇ ಗುಟ್ಟು ಹೇಳುತ್ತವೆ. ಹಾಗಾಗಿ ಮೊದಲ ಎರಡು ವರ್ಷಗಳ ಕಾರಿನಲ್ಲಿ ಕಾಗದಪತ್ರಗಳೇ ಆಸ್ತಿ. ಮೂಲ ಬಿಲ್ಲು, ಕಾರ್ಖಾನೆಯ ದಾಖಲೆ ಇಲ್ಲದ ಕಾರು ಎಷ್ಟೇ ಅಸಲಿಯಾಗಿ ಕಂಡರೂ ಅದಕ್ಕೆ ಪೂರ್ತಿ ಬೆಲೆ ಕೊಡಲು ಯಾರೂ ಮುಂದಾಗುವುದಿಲ್ಲ.

ಎಂಜಿನ್ನಿನ ನಂತರದ ಸ್ಥಾನ ಬಣ್ಣದ್ದು. ಇದರಲ್ಲಿ ಮೂರು ಮೆಟ್ಟಿಲುಗಳಿವೆ. ಕಾರ್ಖಾನೆಯ ಬಣ್ಣವೇ ಉಳಿದಿರುವುದು ಎಲ್ಲಕ್ಕಿಂತ ಮೇಲು. ಅದೇ ಬಣ್ಣದಲ್ಲಿ ಮರುಪೇಂಟ್ ಆಗಿರುವುದು ಎರಡನೆಯದು. ಬೇರೆ ಬಣ್ಣಕ್ಕೆ ತಿರುಗಿರುವುದು ಕೊನೆಯದು. ಮಾಸಲು ಬಿಳಿಯ ಕಾರು ಯಾರಿಗೂ ಬೇಡವೆಂದು ಕೆಂಪು ಬಳಿಸಿದರೆ ನೋಡುವವರ ಸಂಖ್ಯೆ ಹೆಚ್ಚಬಹುದು, ಆದರೆ ಬಾಗಿಲಿನ ಒಳ ಅಂಚಿನಲ್ಲೋ ಡ್ಯಾಶ್‌ಬೋರ್ಡಿನ ಹಿಂದೆಯೋ ಇಣುಕುವ ಬಿಳಿ ಬಣ್ಣ ಚೌಕಾಸಿಗೆ ದಾರಿ ಮಾಡಿಕೊಡುತ್ತದೆ.

ಹೊಳಪಿಗಿಂತ ಮೂಲರೂಪಕ್ಕೆ ಹೆಚ್ಚು ಬೆಲೆ ಎಂಬುದು ಹಿಂದಿನಿಂದ ಬಂದ ನಂಬಿಕೆಯೇನಲ್ಲ. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಹಳೆಯ ಕಾರನ್ನು ಬಿಚ್ಚಿ, ಉಜ್ಜಿ, ಹೊಸದಕ್ಕಿಂತ ಹೊಸದಾಗಿ ಮಾಡುವುದೇ ರೂಢಿಯಾಗಿತ್ತು. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಪ್ರದರ್ಶನ 2001ರಲ್ಲಿ ದುರಸ್ತಿಯಾಗದೆ ಉಳಿದ ಕಾರುಗಳಿಗೆಂದೇ ಪ್ರತ್ಯೇಕ ವಿಭಾಗ ತೆರೆಯಿತು. 2014ರ ಆರಂಭದಲ್ಲಿ ಅರಿಝೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಗುಡಿಂಗ್ ಸಂಸ್ಥೆ ನಡೆಸಿದ ಹರಾಜಿನಲ್ಲಿ ಎರಡು ಮರ್ಸಿಡಿಸ್ 300 ಎಸ್‌ಎಲ್ ಗಲ್‌ವಿಂಗ್ ಕಾರುಗಳಿದ್ದವು. ಒಂದು ಅಚ್ಚುಕಟ್ಟಾಗಿ ಪುನರುಜ್ಜೀವನಗೊಂಡದ್ದು, ಇನ್ನೊಂದು ಬಣ್ಣ ಕಳೆಗುಂದಿ ಸೀಟು ಸವೆದು ಮೂಲೆ ಸೇರಿದ್ದದ್ದು. ಮೊದಲನೆಯದಕ್ಕೆ ಸುಮಾರು 14 ಲಕ್ಷ ಡಾಲರ್ ಬಂತು. ಎರಡನೆಯದಕ್ಕೆ ಸುಮಾರು 19 ಲಕ್ಷ. ಒಟ್ಟು 1,400 ಮಾತ್ರ ತಯಾರಾದ ಈ ಕಾರಿನಲ್ಲಿ ಕೈ ತಾಗದೆ ಉಳಿದವು ತೀರಾ ಕಡಿಮೆ ಎಂಬುದೇ ಇದಕ್ಕೆ ಕಾರಣ. 2024ರಲ್ಲಿ ಪೆಬಲ್ ಬೀಚ್‌ನ ಅತ್ಯುನ್ನತ ಪ್ರಶಸ್ತಿ 1934ರ ಬುಗಾಟಿ ಟೈಪ್ 59 ಕಾರಿಗೆ ಸಂದಿತು. ಒಂದು ಕಾಲಕ್ಕೆ ಬೆಲ್ಜಿಯಂ ದೊರೆ ಮೂರನೆಯ ಲಿಯೊಪೋಲ್ಡ್ ಬಳಿ ಇದ್ದ ಕಾರು ಅದು. ಸವೆದ ಮೈಯಲ್ಲೇ ಇದ್ದ ಕಾರೊಂದು ಆ ಪ್ರಶಸ್ತಿ ಪಡೆದದ್ದು ಅದೇ ಮೊದಲು.

ಹಾಗೆಂದು ಧೂಳು ಹಿಡಿದ ಕಾರೆಲ್ಲ ಚಿನ್ನವಲ್ಲ. ಫ್ರಾನ್ಸಿನ ಬಯ್ಯೋಂ ಕುಟುಂಬದ ಶೆಡ್ಡುಗಳಲ್ಲಿ ದಶಕಗಳ ಕಾಲ ಬಿದ್ದಿದ್ದ ಕಾರುಗಳನ್ನು 2015ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಆರ್ಟ್‌ಕ್ಯುರಿಯಲ್ ಸಂಸ್ಥೆ ಹರಾಜಿಗಿಟ್ಟಿತು. ಹಳೆಯ ಪತ್ರಿಕೆಗಳ ರಾಶಿಯ ಅಡಿ ಸಿಕ್ಕ ಫೆರಾರಿ 250 ಜಿಟಿ ಕ್ಯಾಲಿಫೋರ್ನಿಯಾ ಸ್ಪೈಡರ್ 1.6 ಕೋಟಿ ಯೂರೋ ದಾಟಿತು. ಅದೇ ಸಂಗ್ರಹದಲ್ಲಿ ಮಳೆಗೆ ತೋಯ್ದು ತಗಡು ಕರಗಿಹೋಗಿದ್ದ ಕಾರುಗಳಿಗೆ ಸಿಕ್ಕಿದ್ದು ಅದರ ಮುಂದೆ ಚಿಲ್ಲರೆ ಕಾಸು. ಪೇಟಿನಾ ಎಂದು ಕರೆಯಬೇಕಾದದ್ದು ಬಳಕೆಯಿಂದ ಬಂದ ಸವೆತವನ್ನು ಮಾತ್ರ. ಅಲಕ್ಷ್ಯದಿಂದ ಹಿಡಿದ ತುಕ್ಕನ್ನೂ ಅದೇ ಹೆಸರಿನಲ್ಲಿ ಮಾರಲು ನೋಡುವವರಿದ್ದಾರೆ. ಕಾರಿನ ಅಡಿಗೆ ತೂರಿ ನೋಡಿದರೆ ಆ ಮಾತು ಅಲ್ಲಿಗೇ ಮುಗಿಯುತ್ತದೆ.

ರೇಸ್ ಕಾರುಗಳಿಗೆ ಮೂಲರೂಪದ ನಿಯಮ ಸಡಿಲ. 2018ರಲ್ಲಿ ಮಾಂಟೆರೇಯಲ್ಲಿ 4.84 ಕೋಟಿ ಡಾಲರಿಗೆ ಮಾರಾಟವಾದ ಫೆರಾರಿ 250 ಜಿಟಿಒ ಹುಟ್ಟುವಾಗ ತೊಟ್ಟ ಬಾಡಿ ಇವತ್ತು ಅದರ ಮೇಲಿಲ್ಲ. 1964ರಲ್ಲಿ, ರೇಸಿಗೆ ಇಳಿಯುತ್ತಿದ್ದ ಕಾಲದಲ್ಲೇ, ಅದಕ್ಕೆ ಎರಡನೆಯ ಸರಣಿಯ ಬಾಡಿ ಕೂರಿಸಲಾಯಿತು. ಆ ಬದಲಾವಣೆ ಕಾರಿನ ಚರಿತ್ರೆಯ ಭಾಗವಾದ್ದರಿಂದ ಬೆಲೆಗೆ ಪೆಟ್ಟು ಬೀಳಲಿಲ್ಲ. ರಾಜಮಹಾರಾಜರು ತಮ್ಮ ರೋಲ್ಸ್‌ರಾಯ್ಸ್ ಚಾಸಿಸ್ಸಿಗೆ ಆ ಕಾಲದಲ್ಲೇ ಮಾಡಿಸಿಕೊಂಡ ಹೊಸ ಬಾಡಿಗೂ ಇದೇ ನ್ಯಾಯ. ಬೆಲೆ ಬೀಳುವುದು ಐವತ್ತು ವರ್ಷ ಕಳೆದ ಮೇಲೆ, ಯಾರದೋ ಅಭಿರುಚಿಗೆ ತಕ್ಕಂತೆ ಮಾಡಿದ ಬದಲಾವಣೆಗೆ.

ಸ್ಥಿತಿ

ಸ್ಥಿತಿಯನ್ನು ಅಳೆಯಲು ವಿಮಾ ಮತ್ತು ಬೆಲೆಸೂಚಿ ಸಂಸ್ಥೆ ಹ್ಯಾಗರ್ಟಿ ಬಳಸುವ ನಾಲ್ಕು ಅಂಕಗಳ ಪದ್ಧತಿ ಹೆಚ್ಚು ಚಾಲ್ತಿಯಲ್ಲಿದೆ. ಅದರಲ್ಲಿ 1 ಎಂದರೆ ಪ್ರದರ್ಶನದಲ್ಲಿ ಬಹುಮಾನಕ್ಕೆ ನಿಲ್ಲುವ ಕಾರು. 2 ಎಂದರೆ ಪರಿಣತರು ಹುಡುಕಿದರಷ್ಟೇ ಕೊರತೆ ಕಾಣುವಂಥದ್ದು. 3 ಎಂದರೆ ಸಣ್ಣಪುಟ್ಟ ದೋಷಗಳಿದ್ದೂ ಚೆನ್ನಾಗಿ ಓಡುವುದು. 4 ಎಂದರೆ ಓಡುತ್ತದೆ, ಆದರೆ ಕೊರತೆಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಮಾರುವವರ ಬಾಯಲ್ಲಿ ಎಲ್ಲ ಕಾರುಗಳೂ 2. ನಿಜವಾಗಿ ರಸ್ತೆಯಲ್ಲಿರುವ ಹಳೆಯ ಕಾರುಗಳಲ್ಲಿ ಬಹುಪಾಲು 3.

ಈ ಅಂಕಗಳ ನಡುವಿನ ಬೆಲೆಯ ಅಂತರಕ್ಕೂ ದುರಸ್ತಿಯ ಖರ್ಚಿಗೂ ಸಂಬಂಧವಿಲ್ಲದಿರುವುದೇ ಹೊಸಬರು ಎಡವುವ ಜಾಗ. 4ರ ಕಾರನ್ನು ಅಗ್ಗಕ್ಕೆ ಕೊಂಡು 2ಕ್ಕೆ ಏರಿಸಲು ತಗಡಿನ ಕೆಲಸ, ಪೇಂಟ್, ಕ್ರೋಮ್, ಸೀಟಿನ ಹೊದಿಕೆ, ವೈರಿಂಗ್, ಎಂಜಿನ್ ಎಲ್ಲಕ್ಕೂ ಕೈ ಹಾಕಬೇಕು. ತೀರಾ ಅಪರೂಪದ ಮಾದರಿಗಳನ್ನು ಬಿಟ್ಟರೆ, ಇವೆಲ್ಲದರ ಮೊತ್ತ ಮೊದಲೇ 2ರಲ್ಲಿದ್ದ ಕಾರಿನ ಬೆಲೆಯನ್ನು ಮೀರುತ್ತದೆ. ಕೊಟ್ಟ ಮಜೂರಿಗೆ ಮಾರುಕಟ್ಟೆ ರಸೀದಿ ನೋಡಿ ಹಣ ಹಿಂದಿರುಗಿಸುವುದಿಲ್ಲ. ಲೆಕ್ಕ ಮುಖ್ಯವಾದವರಿಗೆ ಬೇರೊಬ್ಬರು ಖರ್ಚು ಮಾಡಿ ಮುಗಿಸಿದ ಕಾರು ಮೇಲು. ಅದರಲ್ಲೂ ಕೆಲಸದ ಪ್ರತಿ ಹಂತದ ಫೋಟೋ ಮತ್ತು ಬಿಲ್ಲು ಇರುವ ಕಾರು.

ದುರಸ್ತಿ ಅತಿಯಾದರೂ ಅಂಕ ಹೋಗುತ್ತದೆ. ಅಮೆರಿಕದ ಕಾರ್ವೆಟ್ ಸಂಘ ಎನ್‌ಸಿಆರ್‌ಎಸ್‌ನ ತೀರ್ಪುಗಾರರು ಕಾರು ಎಷ್ಟು ಹೊಳೆಯುತ್ತದೆ ಎಂದು ನೋಡುವುದಿಲ್ಲ. ಕಾರ್ಖಾನೆಯಿಂದ ಹೇಗೆ ಬಂದಿತ್ತೋ ಹಾಗಿದೆಯೇ ಎಂದು ನೋಡುತ್ತಾರೆ. ಕಾರ್ಖಾನೆ ಪೇಂಟ್ ಮಾಡದೆ ಬಿಟ್ಟಿದ್ದ ಭಾಗಕ್ಕೆ ಮಾಲೀಕರು ಕನ್ನಡಿಯಂತೆ ಪೇಂಟ್ ಮಾಡಿಸಿದ್ದರೆ ಅದು ತಪ್ಪೇ.

ಪರೀಕ್ಷೆಯಲ್ಲಿ ಎಂಜಿನ್ನಿಗಿಂತ ಮೊದಲು ಬಾಡಿ. ಬಹುತೇಕ ಎಂಜಿನ್ನುಗಳನ್ನು ಬಿಚ್ಚಿ ಸರಿಪಡಿಸಬಹುದು. ಕೊಳೆತ ತಗಡಿಗೆ ಕೊನೆಯಿಲ್ಲ. ಬಾಗಿಲಿನ ಕೆಳ ಅಂಚು, ಚಕ್ರದ ಕಮಾನು, ಕಾಲಡಿಯ ನೆಲ, ಸ್ಪೇರ್ ಚಕ್ರದ ಗುಂಡಿ, ಬ್ಯಾಟರಿ ಕೂರುವ ತಟ್ಟೆ ಇವು ನೀರು ನಿಲ್ಲುವ ಜಾಗಗಳು. ಅಲ್ಲಿ ಬಟ್ಟೆ ಸುತ್ತಿದ ಅಯಸ್ಕಾಂತ ಅಂಟದೆ ಜಾರಿದರೆ ಒಳಗಿರುವುದು ಪುಟ್ಟಿ. ಪೇಂಟಿನ ದಪ್ಪ ಅಳೆಯುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಪೇಂಟ್ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. ಒಂದು ಬಾಗಿಲು 120 ತೋರಿಸಿ ಪಕ್ಕದ ಮಡ್‌ಗಾರ್ಡ್ 600 ತೋರಿಸಿದರೆ ಅಲ್ಲಿ ಹಿಂದೊಮ್ಮೆ ಪೆಟ್ಟು ಬಿದ್ದಿದೆ ಎಂದೇ ಲೆಕ್ಕ. ಗಾಜುಗಳ ಮೇಲಿನ ಮುದ್ರೆಯನ್ನೂ ನೋಡಬೇಕು. ಎಲ್ಲ ಗಾಜುಗಳೂ ಒಂದೇ ಕಂಪನಿಯವಾಗಿದ್ದು ಒಂದು ಮಾತ್ರ ಬೇರೆಯಾಗಿದ್ದರೆ ಆ ಬದಿಯ ತಗಡನ್ನು ಮತ್ತೊಮ್ಮೆ ತಟ್ಟಿ ನೋಡುವುದು ಕ್ಷೇಮ.

ಓಡಿದ ದೂರ

ಕಿಲೋಮೀಟರಿಗೆ ಎಷ್ಟು ಬೆಲೆ ಎಂಬುದು ಕಾರಿನ ವಯಸ್ಸನ್ನು ಅವಲಂಬಿಸಿದೆ. ಎರಡನೆಯ ಮಹಾಯುದ್ಧಕ್ಕೂ ಹಿಂದಿನ ಕಾರಿನಲ್ಲಿ ಮೀಟರ್ ಏನು ತೋರಿಸುತ್ತದೆ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಷ್ಟು ವರ್ಷಗಳಲ್ಲಿ ಎಂಜಿನ್ನನ್ನು ಹಲವು ಸಲ ಬಿಚ್ಚಿರುತ್ತಾರೆ, ಮೀಟರೇ ಬದಲಾಗಿರುತ್ತದೆ. 1960 ಮತ್ತು 70ರ ದಶಕದ ಕಾರುಗಳಲ್ಲಿ ಕಡಿಮೆ ಓಟ ಒಂದು ಹೆಚ್ಚಿನ ಅಂಕ. 1980ರ ನಂತರದ ವೇಗದ ಕಾರುಗಳಲ್ಲಿ ಮಾತ್ರ ಅದೇ ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ. ಅವು ಹೊಸದಾಗಿದ್ದಾಗಲೇ ಸಂಗ್ರಾಹಕರ ಕೈ ಸೇರಿದ್ದರಿಂದ ಮೂಲರೂಪದಲ್ಲಿ ಉಳಿದವು ಬೇಕಾದಷ್ಟಿವೆ. ಒಂದರಿಂದ ಇನ್ನೊಂದನ್ನು ಬೇರ್ಪಡಿಸಲು ಮೀಟರ್ ಬಿಟ್ಟರೆ ಬೇರೆ ಅಳತೆಗೋಲು ಹೆಚ್ಚಿಲ್ಲ. ಕೇವಲ 106 ತಯಾರಾದ ಮೆಕ್‌ಲಾರೆನ್ ಎಫ್1 ಪೈಕಿ 400 ಕಿ.ಮೀ.ಗಿಂತಲೂ ಕಡಿಮೆ ಓಡಿದ್ದ 1995ರ ಕಾರೊಂದು 2021ರಲ್ಲಿ 2 ಕೋಟಿ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ಅಂಥ ಕಾರಿನ ಮಾಲೀಕರು ಸಂತೋಷಕ್ಕೆಂದು ಒಂದು ಸುತ್ತು ಹೋಗಿಬಂದರೂ ಬೆಲೆ ಕರಗುತ್ತದೆ. ಓಡಿಸಲೆಂದೇ ಕಾರು ಕೊಳ್ಳುವವರು ಈ ಸಾಲಿನಿಂದ ದೂರವಿರುವುದು ಒಳ್ಳೆಯದು.

ಮೀಟರಿನ ಅಂಕಿಯನ್ನು ನಂಬಲು ಆಧಾರ ಬೇಕು. ಹಳೆಯ ಕಾರುಗಳ ಮೀಟರಿನಲ್ಲಿ ಐದೇ ಅಂಕಿಗಳು. 99,999 ಮುಗಿದರೆ ಮತ್ತೆ ಸೊನ್ನೆ. ಮೀಟರಿನಲ್ಲಿ 32,000 ಕಂಡರೆ ಅದು 1,32,000 ಕೂಡ ಆಗಿರಬಹುದು. ಮೀಟರ್ ಹಿಂದಕ್ಕೆ ತಿರುಗಿಸುವ ಚಾಳಿಗೆ ಅಮೆರಿಕ 1972ರಲ್ಲಿ ಕಾನೂನಿನ ಕಡಿವಾಣ ಹಾಕಿತು. ಬ್ರಿಟನ್ನಿನಲ್ಲಿ ವಾರ್ಷಿಕ ಎಂಒಟಿ ತಪಾಸಣೆಯ ದಿನ ಮೀಟರ್ ಎಷ್ಟಿತ್ತು ಎಂಬ ದಾಖಲೆ ಸರ್ಕಾರಿ ಜಾಲತಾಣದಲ್ಲೇ ಸಿಗುತ್ತದೆ. ದಾಖಲೆ ಸಿಗದ ಕಡೆ ಕಾರೇ ಸಾಕ್ಷಿ ಹೇಳಬೇಕು. ಬ್ರೇಕ್ ಪೆಡಲಿನ ರಬ್ಬರ್, ಸ್ಟೇರಿಂಗ್‌ನ ಮೇಲಂಚು, ಚಾಲಕನ ಸೀಟಿನ ಹೊರ ಅಂಚು, ಕೀಲಿ ತೂತಿನ ಸುತ್ತಲ ಗೀರು, ಚಾಲಕನ ಕಡೆಯ ಬಾಗಿಲನ್ನು ಎತ್ತಿದಾಗ ಹಿಂಜಿನಲ್ಲಿ ಕಾಣುವ ಸಡಿಲ, ಇವೆಲ್ಲ ಮೀಟರಿನ ಅಂಕಿಗೆ ಹೊಂದಬೇಕು. 30,000 ಓಡಿದ ಕಾರಿನಲ್ಲಿ ಪೆಡಲಿನ ರಬ್ಬರ್ ಮಾತ್ರ ಹೊಚ್ಚಹೊಸದಾಗಿದ್ದರೆ ಅನುಮಾನಕ್ಕೆ ಅಷ್ಟೇ ಸಾಕು.

ಕಡಿಮೆ ಓಟಕ್ಕೆ ಇನ್ನೊಂದು ಮುಖವಿದೆ. ನಿಂತ ಕಾರಿನಲ್ಲಿ ಆಯಿಲ್ ಸೀಲುಗಳು ಒಣಗಿ ಸೋರುತ್ತವೆ, ಪೆಟ್ರೋಲ್ ಟ್ಯಾಂಕಿನ ಒಳಗೆ ತುಕ್ಕು ಹಿಡಿಯುತ್ತದೆ, ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಸಿಲಿಂಡರುಗಳನ್ನು ಕೆಡಿಸುತ್ತದೆ. ಟೈಮಿಂಗ್ ಬೆಲ್ಟನ್ನು ಓಡಿದ ದೂರ ನೋಡಿ ಮಾತ್ರವಲ್ಲ, ವರ್ಷ ಎಣಿಸಿಯೂ ಬದಲಿಸಬೇಕು. ಫೆರಾರಿ ಟೆಸ್ಟರೋಸಾ, ಎಫ್355ರಂಥ ಕಾರುಗಳಲ್ಲಿ ಅದಕ್ಕಾಗಿ ಎಂಜಿನ್ನನ್ನೇ ಕೆಳಗಿಳಿಸಬೇಕಾಗುತ್ತದೆ. ಟೈರಿನ ವಯಸ್ಸು ತಿಳಿಯಲು ಅದರ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ಓದಬೇಕು. 1412 ಎಂದಿದ್ದರೆ 2012ರ 14ನೇ ವಾರ ತಯಾರಾದದ್ದು. ಗುಂಡಿಗಳು ಎಷ್ಟೇ ಆಳವಾಗಿದ್ದರೂ ಅಷ್ಟು ಹಳೆಯ ಟೈರಿನ ಮೇಲೆ ವೇಗವಾಗಿ ಹೋಗುವುದು ಅಪಾಯ. ಹತ್ತು ವರ್ಷ ನಿಂತ 20,000 ಕಿ.ಮೀ. ಕಾರಿಗಿಂತ, ಬಿಲ್ಲುಗಳ ಸಮೇತ ವರ್ಷವರ್ಷವೂ ಸರ್ವಿಸ್ ಆಗಿ 80,000 ಓಡಿದ ಕಾರು ಬಳಸುವವರಿಗೆ ಹೆಚ್ಚು ಅಗ್ಗ ಬೀಳುತ್ತದೆ.

ಅತಿಯಾದ ಓಟವೇ ಕೀರ್ತಿಯಾದದ್ದೂ ಉಂಟು. ಅಮೆರಿಕದ ಶಾಲಾ ಶಿಕ್ಷಕ ಅರ್ವ್ ಗಾರ್ಡನ್ ತಮ್ಮ 1966ರ ವೋಲ್ವೊ ಪಿ1800 ಕಾರನ್ನು 2013ರ ಹೊತ್ತಿಗೆ 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿ.ಮೀ. ಓಡಿಸಿ ಗಿನ್ನೆಸ್ ದಾಖಲೆ ಬರೆದರು. ಇದು ಅಪವಾದ, ಉಳಿದವರ ಲಕ್ಷ ಕಿಲೋಮೀಟರಿಗೆ ಯಾರೂ ಹೆಚ್ಚು ಕೊಡುವುದಿಲ್ಲ.

ಇಲ್ಲಿನ ಕಾರುಗಳು

ಭಾರತದಲ್ಲಿ ಈ ಲೆಕ್ಕಾಚಾರ ಹೆಚ್ಚಾಗಿ ಅನ್ವಯವಾಗುವುದು ಅಂಬಾಸಿಡರ್, ಫಿಯಟ್ 1100 ಮತ್ತು ಅದರ ಮುಂದುವರಿಕೆಯಾದ ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್, ಕಾಂಟೆಸ್ಸಾ, 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮೊದಲ ರೂಪದ ಮಾರುತಿ 800 ಮುಂತಾದ ಕಾರುಗಳಿಗೆ. ಇವುಗಳಲ್ಲಿ ಹಾಳಾದವಕ್ಕಿಂತ ಬದಲಾದವು ಹೆಚ್ಚು. ಪೆಟ್ರೋಲ್ ದುಬಾರಿಯಾದಾಗ ಅಂಬಾಸಿಡರಿಗೂ ಪದ್ಮಿನಿಗೂ ಡೀಸೆಲ್ ಎಂಜಿನ್ ಇಳಿಸಿದವರು ಸಾವಿರಾರು ಮಂದಿ. ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿಯನ್ನು ತೆಗೆದು ನೆಲಕ್ಕೆ ತಂದವರು, ಮುಂದಿನ ಉದ್ದ ಬೆಂಚ್ ಸೀಟು ಕಿತ್ತು ಬಕೆಟ್ ಸೀಟು ಕೂರಿಸಿದವರು, ಅಲಾಯ್ ಚಕ್ರ ಹಾಕಿಸಿದವರು ಅದಕ್ಕೂ ಹೆಚ್ಚು. ಹಾಗಾಗಿ ಹುಟ್ಟಿದಾಗಿನ ಪೆಟ್ರೋಲ್ ಎಂಜಿನ್, ಕಾಲಂ ಗೇರ್, ಬೆಂಚ್ ಸೀಟು ಮೂರೂ ಉಳಿಸಿಕೊಂಡ ಪದ್ಮಿನಿ ಈಗ ಸುಲಭಕ್ಕೆ ಸಿಗುವುದಿಲ್ಲ.

ಇಂಥ ಕಾರನ್ನು ಕೊಳ್ಳುವಾಗ ಬದಲಾವಣೆಗಳನ್ನು ಎರಡು ರಾಶಿ ಮಾಡಿ ನೋಡಬೇಕು. ಬೋಲ್ಟ್ ಬಿಚ್ಚಿದರೆ ಹೋಗುವಂಥವು ಒಂದು ರಾಶಿ: ಚಕ್ರ, ದೀಪ, ಸ್ಟೀರಿಯೊ, ಸೀಟು. ತೆಗೆದ ಹಳೆಯ ಭಾಗಗಳು ಗೋಣಿಚೀಲದಲ್ಲಿ ಕಾರಿನ ಜತೆಗೇ ಬಂದರೆ ಇವುಗಳಿಂದ ನಷ್ಟ ಅಲ್ಪ. ಕಟರ್ ತಾಗಿದವು ಇನ್ನೊಂದು ರಾಶಿ: ಗೇರ್ ಕಡ್ಡಿಗೆಂದು ಕೊರೆದ ನೆಲ, ಎಸಿಗೆಂದು ಕತ್ತರಿಸಿದ ಡ್ಯಾಶ್‌ಬೋರ್ಡ್, ಬೇರೆ ಎಂಜಿನ್ ಕೂರಿಸಲು ಬೆಸೆದ ತೊಲೆ. ಇವಕ್ಕೆ ಬೆಲೆಯಲ್ಲಿ ಧಾರಾಳವಾಗಿ ಕಡಿತ ಕೇಳಬೇಕು. ಹೋಲಿಸಿ ನೋಡಿ, ಸರಿಯಾದ ಕಾರು ಹೇಗಿರಬೇಕೆಂದು ಕಣ್ಣು ಪಳಗಿಸಿಕೊಳ್ಳಲು ಧರ್ಮಸ್ಥಳದ ಕಾರು ಸಂಗ್ರಹ ಮತ್ತು ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯ ಹತ್ತಿರದ ಜಾಗಗಳು.

ಇಲ್ಲಿನ ಕಾರುಗಳಿಗೆ ಮುಖ್ಯ ಆಧಾರ ಆರ್‌ಸಿ. ಅದರಲ್ಲಿರುವ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ಕಾರಿನ ಮೇಲಿನ ಸಂಖ್ಯೆಗಳ ಜತೆ ಒಂದೊಂದೇ ಅಂಕಿ ಓದಿ ತಾಳೆ ನೋಡಬೇಕು. ಎಂಜಿನ್ ಬದಲಾಗಿದ್ದೂ ಆರ್‌ಟಿಒ ದಾಖಲೆಯಲ್ಲಿ ನಮೂದಾಗಿಲ್ಲದಿದ್ದರೆ ಮೂಲರೂಪದ ಮಾತು ಹಾಗಿರಲಿ, ಹೆಸರು ವರ್ಗಾವಣೆಯೇ ನಿಂತುಹೋಗುತ್ತದೆ. ಸ್ಮಾರ್ಟ್ ಕಾರ್ಡಿಗಿಂತ ಹಳೆಯ ಪುಸ್ತಕದ ಆರ್‌ಸಿ ಹೆಚ್ಚು ಮಾತಾಡುತ್ತದೆ. ಎಷ್ಟು ಕೈ ಬದಲಾಯಿತು, ಯಾವ ಊರುಗಳಲ್ಲಿತ್ತು, ಹಿಂದೆ ಟ್ಯಾಕ್ಸಿಯಾಗಿತ್ತೇ, ಬಣ್ಣ ಯಾವುದಿತ್ತು ಎಂಬುದೆಲ್ಲ ಅದರ ಪುಟಗಳಲ್ಲಿರುತ್ತದೆ. ಮಾರುವವರು ಅದನ್ನು ಎಸೆಯದೆ ಇಟ್ಟಿದ್ದರೆ ಬೆಲೆಯಲ್ಲಿ ಅದಕ್ಕೊಂದು ಪಾಲು ಸೇರಿಸಿ ಕೇಳಲು ಅವರಿಗೆ ಹಕ್ಕಿದೆ.

2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಿಂದ ಮೂಲರೂಪಕ್ಕೆ ಕಾನೂನಿನ ಬಲವೂ ಬಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನಗಳನ್ನು ಮಾತ್ರ ವಿಂಟೇಜ್ ಎಂದು ನೋಂದಾಯಿಸಲಾಗುತ್ತದೆ. ಇವುಗಳ ಫಲಕದಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಎಂಬ ಗುರುತು ಇರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ ಎಂದು ನಿಯಮದಲ್ಲಿ ನಿಗದಿಯಾಯಿತು. ಹೀಗೆ ನೋಂದಾಯಿಸಿದ ಕಾರನ್ನು ರ‍್ಯಾಲಿ, ಪ್ರದರ್ಶನ, ದುರಸ್ತಿ, ಇಂಧನ ತುಂಬಿಸುವಿಕೆಯಂಥ ಕೆಲಸಗಳಿಗಷ್ಟೇ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಅನುಮತಿಯಿಲ್ಲ. ಆದ್ದರಿಂದ ಕಾರನ್ನು ಸಂಗ್ರಹಕ್ಕೆ ಇಡಬೇಕೋ ವಾರಕ್ಕೊಮ್ಮೆ ಓಡಿಸಬೇಕೋ ಎಂಬುದನ್ನು ಅರ್ಜಿ ಹಾಕುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.

ಕೊಂಡ ಮೇಲಿನ ಕೆಲಸ ವಿಮೆ. ಐದು ವರ್ಷ ಮೀರಿದ ಮತ್ತು ತಯಾರಿಕೆ ನಿಂತ ಕಾರುಗಳ ಘೋಷಿತ ಮೌಲ್ಯವನ್ನು, ಅಂದರೆ ಐಡಿವಿಯನ್ನು, ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿಕೊಳ್ಳಬೇಕು. ಸುಮ್ಮನಿದ್ದರೆ ಪಾಲಿಸಿಯಲ್ಲಿ ಗುಜರಿ ಬೆಲೆಯಂಥ ಮೊತ್ತ ಬಂದು ಕೂರುತ್ತದೆ. ಕಾರಿನ ಫೋಟೋಗಳು, ದುರಸ್ತಿಯ ಬಿಲ್ಲುಗಳು, ಜನ್ಮದಾಖಲೆ ಮತ್ತು ನೋಂದಾಯಿತ ಮೌಲ್ಯಮಾಪಕರ ವರದಿಯನ್ನು ಮುಂದಿಟ್ಟು, ಒಪ್ಪಿದ ಮೊತ್ತ ಪಾಲಿಸಿಯ ಹಾಳೆಯಲ್ಲಿ ಅಚ್ಚಾಗಿ ಬಂದಿದೆಯೇ ಎಂದು ನೋಡಿಕೊಂಡು ಕಂತು ಕಟ್ಟಬೇಕು.